ಕಿಡ್ನಿ ಕಾಯಿಲೆಗೆ ಆಸ್ಪತ್ರೆ ಮಾತ್ರೆ ಜೊತೆ ಚೀನಾ ಮದ್ದು ಕೊಡಬಹುದಾ?

ತಾಯಿಯವರಿಗೆ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಅಂಕಿ, ಏರಿದಷ್ಟೂ ಕೆಟ್ಟದ್ದು) 2.6 ಇದೆ, ಚೀನಾ ಗಿಡಮೂಲಿಕೆ ಪುಡಿ ಮನೆಗೆ ಬಂದಿದೆ, ಮಾತ್ರೆ ಜೊತೆ ಕೊಡಲಾ ಅಂತ ಕೇಳಿದ್ದೀರಿ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು.

ನಾವು ಮಂಡ್ಯದ ಕಡೆಯವರು. ಅಪ್ಪನಿಗೆ ಶುಗರ್ ಹಳೆಯದು, ಅದರಿಂದಲೇ ಕಿಡ್ನಿ ಕೆಟ್ಟಿತ್ತು. ಮೈಸೂರಿನ ಡಾಕ್ಟ್ರು ಲೋಸಾರ್ಟಾನ್ ಬರೆದಿದ್ದರು. ಅದು ಬಿಪಿ ಇಳಿಸುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನೂ ತಗ್ಗಿಸುತ್ತದೆ. ಅಷ್ಟರಲ್ಲಿ ನಮ್ಮ ಭಾವ ಯಾರದೋ ಮಾತು ಕೇಳಿ ಪುಡಿ ತರಿಸಿದರು. ಪೊಟ್ಟಣದ ಮೇಲೆ ಬರೀ ಚೀನೀ ಅಕ್ಷರ. ತಿಂಡಿಗೆ ಮುಂಚೆ ಬಿಸಿನೀರಲ್ಲಿ ಕದಡಿ ಕೊಡುತ್ತಿದ್ದೆವು. ಲೋಟದ ತಳದಲ್ಲಿ ಕಂದು ಗಸಿ ನಿಲ್ಲುತ್ತಿತ್ತು, ಅಪ್ಪ ಅದನ್ನೂ ಬಿಡದೆ ಕುಡಿಯುತ್ತಿದ್ದರು.

ಡಾಕ್ಟ್ರಿಗೆ ಹೇಳಲಿಲ್ಲ. ನಮ್ಮನ್ನು ಮುಳುಗಿಸಿದ್ದು ಇದೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಪೊಟ್ಯಾಸಿಯಂ ಕೂಡ (ಕಿಡ್ನಿ ಹೊರಹಾಕಬೇಕಾದ ಲವಣ ಅದು, ರಕ್ತದಲ್ಲಿ ಜಾಸ್ತಿಯಾದರೆ ಹೃದಯಕ್ಕೆ ಅಪಾಯ). ಲೋಸಾರ್ಟಾನ್‌ನಿಂದಲೂ ಇವೆರಡು ಏರಬಹುದು. "ಬೇರೆ ಏನಾದ್ರೂ ತಗೊಳ್ತಿದ್ದೀರಾ ಯಜಮಾನ್ರೇ?" ಅಂತ ಡಾಕ್ಟ್ರು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ಬೈತಾರೆ ಅನ್ನೋ ಭಯಕ್ಕೆ ನಾನು "ಇಲ್ಲ ಸಾರ್" ಅಂದೆ. ಅವರು ಲೋಸಾರ್ಟಾನ್ ನಿಲ್ಲಿಸಿದರು. ಅವರಿಗೆ ಗೊತ್ತಿದ್ದದ್ದು ಅದೊಂದೇ ಅಲ್ವಾ? ಕಿಡ್ನಿ ಕಾಯುವ ಮಾತ್ರೆ ನಿಂತಿತು, ಪುಡಿ ಮುಂದುವರಿಯಿತು. ಈಗ ಅಪ್ಪ ಡಯಾಲಿಸಿಸ್ ಮೇಲಿದ್ದಾರೆ. ಪುಡಿಯಿಂದಲೇ ಆಯಿತಾ ಅಂತ ತಿಳಿಯುವ ದಾರಿಯನ್ನೂ ನಾವೇ ಮುಚ್ಚಿದ್ದೆವು.

ಆಸ್ಪತ್ರೆ ಮದ್ದು, ಚೀನಾ ಮದ್ದು ಅಂತ ಎರಡು ಪದ್ಧತಿ ಸೇರಿಸುತ್ತಿದ್ದೀವಿ ಅಂತ ನೀವು ಅಂದುಕೊಂಡಿರೋದನ್ನು ನಾನು ಒಪ್ಪಲ್ಲ. ಚೀನಾದಲ್ಲಿ ಎಷ್ಟೋ ಕಡೆ ಒಂದೇ ಆಸ್ಪತ್ರೆಯಲ್ಲಿ ಎರಡನ್ನೂ ಓದಿದ ಡಾಕ್ಟ್ರು ರಿಪೋರ್ಟ್ ನೋಡಿಕೊಂಡು ಇಂಥ ಬೇರು, ಇಷ್ಟು ತೂಕ ಅಂತ ಬರೆಯುತ್ತಾರೆ. ನಿಮ್ಮ ಕೈಲಿರೋದು ಕೊರಿಯರ್‌ನಲ್ಲಿ ಬಂದ ಪೊಟ್ಟಣ. ಅದರೊಳಗೆ ಏನಿದೆ? 1990ರ ಆಸುಪಾಸು ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆಗೆ ಒಂದು ಚೀನೀ ಬೇರಿನ ಬದಲು, ಹೆಸರು ಹೋಲುವ ಇನ್ನೊಂದು ಬೇರು ಸೇರಿಹೋಯಿತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಕೆಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರೂ ಬಂತು. ನಮ್ಮ ಈಶ್ವರಿ ಬಳ್ಳಿ ಬೇರಲ್ಲೂ ಅದೇ ಆಮ್ಲ ಇದೆ, ಹಾಗಾಗಿ ನಾಟಿ ಮದ್ದಾದರೆ ಪರವಾಗಿಲ್ಲ ಅಂತಲೂ ಸುಮ್ನೆ ನಂಬಬೇಡಿ.

ಪೊಟ್ಟಣ ಒಡೆಯಬೇಡಿ. ಹಾಗೇ ಒಯ್ದು ಕಿಡ್ನಿ ಡಾಕ್ಟ್ರ ಮೇಜಿನ ಮೇಲಿಡಿ. ಬೈದರೆ ಬೈಸಿಕೊಳ್ಳಿ. ತಾಯಿಯವರು ಮಂಡಿ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದರೆ ಅದನ್ನೂ ಹೇಳಿ, ಅಂಥ ಹಲವು ನೋವಿನ ಮಾತ್ರೆಗಳೂ ಕಿಡ್ನಿ ಕೆಡಿಸಬಹುದು. ತಂಪಿಗೆ ಅಂತ ದಿನಾ ಎಳನೀರು ಕೊಡುತ್ತಿದ್ದರೆ ಅದನ್ನೂ ಹೇಳಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.