ಬ್ರೆಜಿಲ್‌ನಲ್ಲಿ ಬೀದಿ ಕಾಯುವುದು 'ಮಿಲಿಟರಿ ಪೊಲೀಸರು' ಏಕೆ? ಅಲ್ಲಿರುವುದು ಸೇನೆಯ ಆಡಳಿತವೇ?

ಅಲ್ಲ. ಸೇನಾ ಆಡಳಿತ 1985ರಲ್ಲೇ ಮುಗಿಯಿತು. ಮಿಲಿಟರಿ ಪೊಲೀಸರು ಆಯಾ ರಾಜ್ಯದ ಗವರ್ನರ್ ಅಧೀನದಲ್ಲಿದ್ದಾರೆ (ಅಲ್ಲಿ ಗವರ್ನರನ್ನು ಜನರೇ ಆರಿಸುತ್ತಾರೆ, ನಮ್ಮ ರಾಜ್ಯಪಾಲರಂತಲ್ಲ). ಆದರೆ ದರ್ಜೆ, ಶಿಸ್ತು ಎಲ್ಲ ಸೇನೆಯದೇ. 1988ರ ಸಂವಿಧಾನದ 144ನೇ ವಿಧಿಯ ಪ್ರಕಾರ ಅವರು ಸೇನೆಯ ಮೀಸಲು ಪಡೆಯೂ ಹೌದು.

ಕಳ್ಳತನವಾಯಿತೆಂದು 190ಕ್ಕೆ ಕರೆ ಮಾಡಿದರೆ ಓಡಿ ಬರುವವರು ಇವರೇ. ಕಳ್ಳನನ್ನು ಹಿಡಿದು ಠಾಣೆಗೆ ಒಪ್ಪಿಸುವಲ್ಲಿಗೆ ಅವರ ಕೆಲಸ ಮುಗಿಯಿತು. ಠಾಣೆ ಇರುವುದು ಸಿವಿಲ್ ಪೊಲೀಸರದ್ದು. ಅಲ್ಲಿ ಕಾನೂನು ಪದವೀಧರರಾದ 'ಡೆಲೆಗಾಡೊ' ಎಂಬ ಅಧಿಕಾರಿ ಪ್ರಕರಣ ದಾಖಲಿಸಿ ತನಿಖೆ ನಡೆಸುತ್ತಾರೆ. ಸ್ಥಳಕ್ಕೆ ಮೊದಲು ಹೋದವರೊಬ್ಬರು, ತನಿಖೆ ಮಾಡುವವರು ಇನ್ನೊಬ್ಬರು. ಅಲ್ಲಿನ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಇದೇ ಎಂಬುದು ನನ್ನ ಅಭಿಪ್ರಾಯ.

ಗಡಿ, ಪಾಸ್‌ಪೋರ್ಟ್, ಮಾದಕವಸ್ತು ಸಾಗಣೆ ಫೆಡರಲ್ ಪೊಲೀಸರ ಪಾಲು.