ಅಪ್ಪನಿಗೆ ಹೇಳಬೇಕಾದ ಮಾತು ಮತ್ತು ಹತ್ತು ನಿಮಿಷದ ನಾಟಕ

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿರುವ 14 ವರ್ಷದ ಹುಡುಗಿಯ ಪ್ರಕರಣವಿದು. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಕ್ಕಳನ್ನು ಬರವಣಿಗೆಯ ಸ್ಪರ್ಧೆಗೆ ಹುರಿದುಂಬಿಸುವ ಶಿಕ್ಷಕರು, ಆ ಅರ್ಜಿಗೆ ಸಹಿ ಹಾಕುವ ತಂದೆ ತಾಯಂದಿರು ಇದನ್ನು ಓದಬೇಕೆಂಬುದು ನನ್ನ ಆಸೆ.

ಅವಳು ತಾಲ್ಲೂಕು ಆಸ್ಪತ್ರೆಗೆ ಬಂದದ್ದು ಹೊಟ್ಟೆನೋವೆಂದು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ನೋವು, ರಾತ್ರಿ ಊಟ ಸೇರುವುದಿಲ್ಲ, ನಿದ್ದೆ ಇಲ್ಲ. ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ದೇಹದಲ್ಲಿ ಕಾರಣ ಕಾಣದೆ, ಸ್ನೇಹ ಕ್ಲಿನಿಕ್‌ಗೆ ಕಳಿಸಿದರು. 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಈ ಕ್ಲಿನಿಕ್‌ನಲ್ಲಿ ಆಪ್ತಸಲಹೆ ಉಚಿತ. ಅಲ್ಲಿಯ ಆಪ್ತಸಲಹೆಗಾರ್ತಿಯಾದ ನಾನು ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯೊಬ್ಬಳ ಜೊತೆ ಮೊದಲು ಮಾತನಾಡಿದೆ. ಇಲ್ಲಿ ಆಡಿದ ಮಾತು ಇಲ್ಲಿಯೇ ಇರುತ್ತದೆ, ನಿನಗಾಗಲೀ ಇನ್ನೊಬ್ಬರಿಗಾಗಲೀ ಅಪಾಯವಿದೆ ಎಂದು ತಿಳಿದರೆ ಮಾತ್ರ ದೊಡ್ಡವರಿಗೆ ಹೇಳಬೇಕಾಗುತ್ತದೆ ಎಂದು ತಿಳಿಸಿದೆ. ಸಾಯಬೇಕು ಅಥವಾ ತನಗೆ ತಾನೇ ನೋವು ಮಾಡಿಕೊಳ್ಳಬೇಕು ಅನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಬಹಳ ಹೊತ್ತು ಮಾತಿಲ್ಲ.

ಕನ್ನಡ ಮಾಸ್ತರರು ಕಳಿಸಿದ್ದ ಚೀಟಿಯಲ್ಲಿ ಒಂದು ಸಾಲಿತ್ತು: ನಾಟಕ ಚೆನ್ನಾಗಿ ಬರೆದಿದ್ದಳು, ಈಗ ಸ್ಪರ್ಧೆಗೆ ಕಳಿಸುವುದಿಲ್ಲ ಎನ್ನುತ್ತಾಳೆ. ನಾಟಕದಲ್ಲಿ ಏನಿದೆ ಎಂದು ಕೇಳಿದೆ. ಹುಡುಗಿ ಅಳಲು ಶುರುಮಾಡಿದಳು. ಅವ್ವ ಎರಡು ಹಾಳೆ ಹರಿದು ಒಲೆಗೆ ಹಾಕಿದ್ದರಂತೆ.

ಸ್ಪರ್ಧೆ ಬೆಂಗಳೂರಿನ ಒಂದು ರಂಗತಂಡದ್ದು, ಪ್ರೌಢಶಾಲೆಯ ಮಕ್ಕಳಿಗೆ. ನಾಟಕ ಹತ್ತು ನಿಮಿಷ ಮೀರಬಾರದು, ಪಾತ್ರಗಳು ನಾಲ್ಕರೊಳಗಿರಬೇಕು, ಸ್ಥಳ ಒಂದೇ ಆಗಿದ್ದರೆ ಒಳ್ಳೆಯದು. ಎಲ್ಲಿಯೂ ಪ್ರದರ್ಶನವಾಗಿರದ, ವಿದ್ಯಾರ್ಥಿಯೇ ಬರೆದ ಕೃತಿಯಾಗಿರಬೇಕು. ತೀರ್ಪುಗಾರರಿಗೆ ಯಾರದೆಂದು ತಿಳಿಯದಂತೆ ಹೆಸರು, ಶಾಲೆ, ಊರನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಆ ಹಾಳೆಯ ಕೆಳಗೆ ತಂದೆ ಅಥವಾ ತಾಯಿಯ ಸಹಿ ಬೇಕು. ಆಯ್ಕೆಯಾದ ನಾಟಕಗಳನ್ನು ತಂಡದವರೇ ಬೆಂಗಳೂರಿನಲ್ಲಿ ಆಡುತ್ತಾರೆ.

ಸಹಿಗಾಗಿ ತಾಯಿಯ ಮುಂದೆ ನೋಟ್‌ಬುಕ್ ಇಟ್ಟಾಗಲೇ ಗಂಟು ಬಿದ್ದದ್ದು. ತಾಯಿ ಏಳನೇ ತರಗತಿ ಓದಿದವರು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದರು.

ಮನೆಯ ಸ್ಥಿತಿ ನಮ್ಮ ಕಡೆ ಅಪರೂಪದ್ದಲ್ಲ. ತಂದೆ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಗೌಂಡಿ ಕೆಲಸ, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ವಾಸ. ಊರಿನಲ್ಲಿ ತಾಯಿ, ಮುತ್ಯಾ (ಅಜ್ಜ), ಈ ಹುಡುಗಿ, ಅವಳ ತಮ್ಮ. ಮುತ್ಯಾನ ಚಿಕಿತ್ಸೆಗೆಂದು ತಾಯಿ ಒಂದು ಸಾಲ ಮಾಡಿದರು, ಅದರ ಕಂತು ಕಟ್ಟಲು ಇನ್ನೊಂದು ಸಾಲ. ಎರಡನೆಯದು ಗಂಡನಿಗೆ ಗೊತ್ತಿರಲಿಲ್ಲ. ವಾರದ ಕಂತಿನವರು ಬಂದಾಗ ತಾಯಿ ಹಿತ್ತಿಲಿಗೆ ಹೋಗುತ್ತಾರೆ, ಬಾಗಿಲಲ್ಲಿ ನಿಂತು "ಅವ್ವ ಮನೆಯಲ್ಲಿಲ್ಲ" ಎನ್ನಬೇಕಾದವಳು ಮಗಳು. ರಾತ್ರಿ ತಂದೆಯ ಫೋನ್ ಬಂದಾಗ "ಎಲ್ಲರೂ ಆರಾಮ ಇದ್ದೇವೆ" ಎನ್ನಬೇಕಾದವಳೂ ಅವಳೇ. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆ ಬಿಟ್ಟು ತಾಯಿಯ ಜೊತೆ ಕೂಲಿಗೆ ಹೋದದ್ದನ್ನೂ ತಂದೆಗೆ ಹೇಳುವಂತಿರಲಿಲ್ಲ. ಇದೆಲ್ಲವನ್ನೂ ಅವಳು ನಾಟಕ ಮಾಡಿದ್ದಳು. ಬಾಗಿಲಿಗೊಂದು ಸುಳ್ಳು, ಫೋನಿಗೊಂದು ಸುಳ್ಳು, ನಡುವೆ ಒಂದು ಹುಡುಗಿ. ಉಳಿದಿದ್ದ ಹಾಳೆಗಳನ್ನು ಓದಿದ ನನಗೆ ಈ ಮಗುವಿಗೆ ರಂಗದ ಕಣ್ಣಿದೆ ಎನ್ನಿಸಿತು. ಹಿರಿಯರು ಬರೆಯುವಾಗಲೂ ಇಷ್ಟು ಬಿಗಿ ಸಿಗುವುದು ಕಷ್ಟ.

ತಾಯಿಯ ಸಿಟ್ಟನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಮ್ಮ ಹಳ್ಳಿಗಳಲ್ಲಿ ನಾಟಕ ಎಂದರೆ ಕಣ್ಣಿಗೆ ಬರುವುದೇನು ಎಂಬುದನ್ನು ನೆನೆಯಬೇಕು. ಜಾತ್ರೆಗೆ ಊರಿನ ಹುಡುಗರು ಕೂಡಿ, ಹಾರ್ಮೋನಿಯಂ ಮಾಸ್ತರರನ್ನು ಕರೆಸಿ, ತಿಂಗಳುಗಟ್ಟಲೆ ತಾಲೀಮು ಮಾಡಿ, ಬೆಳಗಿನವರೆಗೆ ಆಡುವ ಆಟ ಅದು. ಸುತ್ತಲಿನ ಊರುಗಳೆಲ್ಲ ಬಂದು ಕೂರುತ್ತವೆ. ತನ್ನ ಸಾಲ, ಹಿತ್ತಿಲಿಗೆ ಓಡುವ ತನ್ನ ಗಾಬರಿ, ದೀಪದ ಬೆಳಕಿನಲ್ಲಿ ಅಷ್ಟು ಜನರ ಮುಂದೆ ನಿಲ್ಲುತ್ತದೆ ಎಂದು ಆ ತಾಯಿ ತಿಳಿದಿದ್ದರು. "ಮನೆ ಮಾತು ಮಂದಿ ಬಾಯಿಗೆ ಹಾಕಿದಳು ಮೇಡಂ" ಎಂದು ಅವರು ಅತ್ತದ್ದು ಇದಕ್ಕೆ. ಅವರನ್ನು ತಿಳಿಗೇಡಿ ಎಂದು ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ಗುಟ್ಟು ಅವರದು, ಹೆದರುವ ಹಕ್ಕೂ ಅವರದೇ. ಸ್ಪರ್ಧೆ ಹೇಗೆ ನಡೆಯುತ್ತದೆ, ಯಾರು ಓದುತ್ತಾರೆ, ಹೆಸರು ಎಲ್ಲಿರುತ್ತದೆ, ಎಲ್ಲಿರುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಕೂರಿಸಿ ಹೇಳಿರಲಿಲ್ಲ. ಸಹಿ ಮಾತ್ರ ಕೇಳಿದ್ದರು.

ಇನ್ನೊಂದು ಎಳೆ ಮುಂದಿನ ಭೇಟಿಯಲ್ಲಿ ಸಿಕ್ಕಿತು. ಗೆದ್ದರೆ ಏನು ಮಾಡಬೇಕೆಂದಿದ್ದೆ ಎಂದು ಹುಡುಗಿಯನ್ನು ಕೇಳಿದೆ. ಬಹುಮಾನ, ಪ್ರಮಾಣಪತ್ರದ ಮಾತನ್ನೇ ಅವಳು ಎತ್ತಲಿಲ್ಲ. "ಬೆಂಗಳೂರಿನಲ್ಲಿ ಆಡುತ್ತಾರೆ. ಅಪ್ಪ ಅಲ್ಲಿಯೇ ಇದ್ದಾನೆ. ಬಂದು ನೋಡುತ್ತಾನೆ" ಎಂದಳು. ನೋಡಿದರೆ ಅವನಿಗೆ ಎಲ್ಲ ತಿಳಿಯುತ್ತದೆ, ತಾನು ಬಾಯಿಬಿಟ್ಟು ಹೇಳಿದಂತಾಗುವುದಿಲ್ಲ. ಅವ್ವನಿಗೆ ಕೊಟ್ಟ ಮಾತೂ ಉಳಿಯುತ್ತದೆ, ಅಪ್ಪನಿಗೆ ಸುಳ್ಳು ಹೇಳುವುದೂ ನಿಲ್ಲುತ್ತದೆ. ಹದಿನಾಲ್ಕರ ಬುದ್ಧಿ ಎಷ್ಟು ದೂರದ ದಾರಿ ಹುಡುಕಿತ್ತು ನೋಡಿ! ಆದರೆ ಆ ದಾರಿ ಪೂರ್ತಿ ತೀರ್ಪುಗಾರರ ಕೈಯಲ್ಲಿತ್ತು. ಆಯ್ಕೆಯಾಗದಿದ್ದರೆ ಅವಳ ಪಾಲಿಗೆ ಸೋಲುತ್ತಿದ್ದದ್ದು ನಾಟಕವಷ್ಟೇ ಅಲ್ಲ, ಅಪ್ಪನನ್ನು ತಲುಪುವ ಒಂದೇ ಒಂದು ಉಪಾಯ. ಹೊಟ್ಟೆನೋವಿನ ಬೇರು ಇಲ್ಲಿತ್ತು.

ಹಾಗಾಗಿ ನನ್ನ ಸಲಹೆಯ ತಿರುಳು ಒಂದೇ: ಅಪ್ಪನಿಗೆ ಹೇಳಬೇಕಾದದ್ದನ್ನು ಅಪ್ಪನಿಗೆ ಹೇಳಬೇಕು, ಸ್ಪರ್ಧೆಗೆ ಕಳಿಸಬೇಕಾದದ್ದನ್ನು ಸ್ಪರ್ಧೆಗೆ ಕಳಿಸಬೇಕು. ಒಂದರ ಭಾರವನ್ನು ಇನ್ನೊಂದರ ಮೇಲೆ ಹೇರಬಾರದು. ಮತ್ತು ಆ ಮೊದಲನೆಯ ಕೆಲಸ ಮಗುವಿನದಲ್ಲ, ದೊಡ್ಡವರದು.

ತಾಯಿಯ ಜೊತೆಗಿನ ಮಾತು ಹೆಚ್ಚು ಹೊತ್ತು ಹಿಡಿಯಿತು. ಸಾಲ ಮಾಡಿದ್ದಕ್ಕೆ ನಾನು ಅವರನ್ನು ಪ್ರಶ್ನಿಸಲಿಲ್ಲ, ಮಾವನ ಚಿಕಿತ್ಸೆಗೆ ಸಾಲ ಮಾಡಿದ ಸೊಸೆಯನ್ನು ಪ್ರಶ್ನಿಸಲು ನಾನಾರು? ಇಷ್ಟು ಹೇಳಿದೆ: ಅಕ್ಕಾ, ಮಗಳು ಮಂದಿಗೆ ಹೇಳಲು ಬರೆದದ್ದಲ್ಲ, ಹೊರಲಾರದೆ ಬರೆದದ್ದು. ಬಾಗಿಲಿಗೆ ಬಂದವರಿಗೆ ಅವಳಿಂದ ಇನ್ನು ಉತ್ತರ ಹೇಳಿಸಬೇಡಿ. ಫೋನಿನಲ್ಲಿ ಅವಳು ತನ್ನ ಓದು, ತಮ್ಮನ ತುಂಟತನ ಮಾತನಾಡಲಿ, ಹಣದ ಮಾತು ನೀವಿಬ್ಬರೂ ಆಡಿಕೊಳ್ಳಿ. ಗಂಡನಿಗೆ ಯಾವಾಗ, ಹೇಗೆ ಹೇಳಬೇಕು ಎಂಬುದನ್ನು ಅವರಿಗೇ ಬಿಟ್ಟೆ. ಹೇಳಿದರೆ ಹೊಡೆತ ಬಡಿತದ ಭಯವಿದೆಯೇ ಎಂದು ಮಾತ್ರ ಕೇಳಿ ಖಚಿತಪಡಿಸಿಕೊಂಡೆ, ಏಕೆಂದರೆ ಅಂಥ ಭಯವಿರುವ ಮನೆಯಲ್ಲಿ ಈ ಸಲಹೆ ನಡೆಯುವುದಿಲ್ಲ. "ಅವನು ಹಾಗಿಲ್ಲ, ಸುಮ್ಮನಾಗಿಬಿಡುತ್ತಾನೆ, ಅದೇ ಹೆದರಿಕೆ" ಎಂದರು. ಬಾಗಿಲಿಗೆ ಬಂದು ಬೆದರಿಸುವ, ಕಿರುಕುಳ ಕೊಡುವ ವಸೂಲಿಯ ವಿರುದ್ಧ ರಾಜ್ಯದಲ್ಲಿ 2025ರಿಂದ ಪ್ರತ್ಯೇಕ ಕಾನೂನೇ ಇದೆ, ಪೊಲೀಸರಿಗೆ ದೂರು ಕೊಡಬಹುದು ಎಂಬುದು ಅವರಿಗೆ ಗೊತ್ತಿರಲಿಲ್ಲ. ರಾತ್ರಿ ಎದೆ ಡವಗುಟ್ಟಿ ನಿದ್ದೆ ಬಾರದಾಗ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟು ನಾಟಕವನ್ನು ಮತ್ತೆ ಓದಿಸಿದೆ. ನೀನು ಕಣ್ಣಾರೆ ಕಂಡದ್ದು ಯಾವುದು, ನಿನಗೆ ಒಳಗೆ ಅನಿಸಿದ್ದು ಯಾವುದು, ಇನ್ನೊಬ್ಬರು ನಿನ್ನನ್ನು ನಂಬಿ ಮುಚ್ಚಿಟ್ಟದ್ದು ಯಾವುದು, ಪಕ್ಕದಲ್ಲಿ ಗುರುತು ಮಾಡು ಎಂದೆ. ಗುರುತು ಮಾಡಿದ ಮೇಲೆ ಅವಳೇ ಹೇಳಿದಳು, ಮೂರನೆಯದು ಬಹಳ ಕಡಿಮೆ ಇದೆ ಎಂದು. ನಿಜವೇ. ಸಾಲ, ಕಂತು, ಹಿತ್ತಿಲು ಇಷ್ಟೇ ಅವ್ವನದು. ಕಾಯುವುದು, ಫೋನ್ ಬಡಿದಾಗ ಒಳಗೆ ಆಗುವ ತಳಮಳ, ಸುಳ್ಳಿನ ರುಚಿ, ಇವೆಲ್ಲ ಅವಳ ಸ್ವಂತದ್ದು. ಅವ್ವನದನ್ನು ಅವ್ವನಿಗೆ ಬಿಟ್ಟು, ಆ ಜಾಗಕ್ಕೆ ನಡೆಯದ ಒಂದು ಸಂಗತಿಯನ್ನು ನೀನೇ ಹುಟ್ಟಿಸು ತಂಗಿ, ಆದರೆ ಒಳಗಿನ ಸಂಕಟ ಅಷ್ಟೇ ಇರಲಿ ಎಂದೆ. ಇಂಥ ಸಲಹೆ ಕೊಡುವಾಗ ಬರಹ ಸಪ್ಪಗಾಗುವ ಅಪಾಯವಿದೆ. ಮಗುವಿನ ಬಾಯಿ ಮುಚ್ಚಿಸಿದಂತೆಯೂ ಆಗಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆದ ಪ್ರಕರಣವಾಗಿದ್ದರೆ ನಾನು ಖಂಡಿತ ಹೀಗೆ ಹೇಳುತ್ತಿರಲಿಲ್ಲ, ಮಕ್ಕಳ ಸಹಾಯವಾಣಿ 1098ರ ದಾರಿ ಹಿಡಿಯುತ್ತಿದ್ದೆ. ಇಲ್ಲಿ ತಪ್ಪಿತಸ್ಥರೇ ಇರಲಿಲ್ಲ.

ಅವಳು ತಂದದ್ದು ಒಂದು ಆಡು. ಹೊಸ ನಾಟಕದಲ್ಲಿ ತಂದೆ ಪ್ರತಿ ಸಲ ಫೋನ್ ಮಾಡಿದಾಗಲೂ ತಾನು ಬಿಟ್ಟುಹೋದ ಆಡನ್ನು ವಿಚಾರಿಸುತ್ತಾನೆ. ಆಡು ಮಾರಿ ಆಗಿದೆ. ಮುತ್ಯಾ ಮೊಮ್ಮಗಳು ಸೇರಿ ಅದು ಇದೆ ಎನ್ನುತ್ತಾರೆ, ಆಮೇಲೆ ಗಬ್ಬವಾಗಿದೆ ಎನ್ನುತ್ತಾರೆ, ಆಮೇಲೆ ಎರಡು ಮರಿ ಹಾಕಿದೆ ಎನ್ನುತ್ತಾರೆ. ಅದರ ಕೂಗು ಕೇಳಿಸು ಎಂದು ತಂದೆ ಹಟ ಹಿಡಿದಾಗ ಎಪ್ಪತ್ತು ದಾಟಿದ ಮುತ್ಯಾ ಫೋನಿನ ಮುಂದೆ ಬಾಗಿ ಆಡಿನಂತೆ ಕೂಗುತ್ತಾನೆ. ನನ್ನ ಕೋಣೆಯಲ್ಲಿ ಅವಳು ಅದನ್ನು ಓದಿ ತೋರಿಸಿದಾಗ ನಕ್ಕೆ, ನಗುತ್ತಿರುವಾಗಲೇ ಗಂಟಲು ಕಟ್ಟಿತು. ತಂದೆಯ ದನಿ ಪ್ರೇಕ್ಷಕರಿಗೆ ಕೇಳಿಸಬೇಕೇ ಬೇಡವೇ ಎಂದು ಅವಳು ನನ್ನನ್ನು ಕೇಳಿದಳು. ಉತ್ತರ ಹೇಳಲಿಲ್ಲ. ನಿಯಮದ ಪ್ರಕಾರ ಅದು ಅವಳೇ ತೀರ್ಮಾನಿಸಬೇಕಾದ ವಿಷಯ. ಗಟ್ಟಿಯಾಗಿ ಓದಿ ಗಡಿಯಾರ ನೋಡು, ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎನ್ನುವ ಲೆಕ್ಕವನ್ನೇ ನಂಬಬೇಡ, ಮೌನಗಳಿಗೂ ಸಮಯ ಬೇಕು ಎಂದಷ್ಟೇ ತಿಳಿಸಿದೆ. ಕೊನೆಗೆ ದನಿ ಬೇಡವೆಂದು ಅವಳೇ ನಿರ್ಧರಿಸಿದಳು.

ಮಾಸ್ತರರ ಬಗ್ಗೆ ಒಂದು ಮಾತು. ಈ ಮಗುವಿನ ಬರವಣಿಗೆಯನ್ನು ಗುರುತಿಸಿದವರು ಅವರು, ಆಸ್ಪತ್ರೆಗೆ ಕಳಿಸಿದವರೂ ಅವರೇ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆಯದಾದ ಮೇಲೆ ಶಾಲೆಗಳ ಮೇಲೆ ಬಿದ್ದಿರುವ ಒತ್ತಡದ ನಡುವೆಯೂ ಒಬ್ಬ ಹುಡುಗಿಯ ನಾಟಕಕ್ಕೆ ಸಮಯ ಕೊಡುವ ಶಿಕ್ಷಕರನ್ನು ನಾನು ಕೈ ಮುಗಿದು ಗೌರವಿಸುತ್ತೇನೆ. ಆದರೆ ಅವರು ಮುತ್ಯಾನ ಮಾತನ್ನು ಪಠ್ಯಪುಸ್ತಕದ ಮಾತಾಗಿ ತಿದ್ದಿದ್ದರು. ಕೊನೆಗೆ ಊರ ಹಿರಿಯನೊಬ್ಬ ಬಂದು ಗುಳೆ ಹೋಗಬೇಡಿ, ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿ ಎಂದು ಭಾಷಣ ಮಾಡುವ ಪುಟವನ್ನೂ ಸೇರಿಸಿದ್ದರು. ಫೋನ್ ಮಾಡಿ ವಿನಂತಿಸಿಕೊಂಡೆ: ಸರ್, ಕಾಗುಣಿತ ತಿದ್ದಿ, ಮಾತು ತಿದ್ದಬೇಡಿ. ವಿದ್ಯಾರ್ಥಿಯೇ ಬರೆದದ್ದು ಎಂಬ ಹೇಳಿಕೆಯ ಕೆಳಗೆ ಅವಳು ಸಹಿ ಹಾಕುತ್ತಾಳೆ, ಈಗಾಗಲೇ ಸುಳ್ಳಿನಿಂದ ದಣಿದ ಮಗುವಿಗೆ ಇನ್ನೊಂದು ಸುಳ್ಳು ಬೇಡ. ಅವರು ತಕ್ಷಣ ಒಪ್ಪಿ ಆ ಪುಟ ತೆಗೆದರು.

ಎಳ್ಳಮಾವಾಸ್ಯೆಗೆ ತಂದೆ ಊರಿಗೆ ಬರುವುದೆಂದಿತ್ತು. ಅದಕ್ಕೂ ಮೊದಲೇ, ಒಂದು ರಾತ್ರಿ ತಾಯಿ ತಾವೇ ಫೋನ್ ಮಾಡಿ ಎರಡನೆಯ ಸಾಲದ ಮಾತು ತೆಗೆದರು. ಅವರು ಹೆದರಿದ್ದಂತೆಯೇ ಆ ಕಡೆ ದನಿ ಇಲ್ಲ, ಫೋನ್ ಇಟ್ಟರು. ಮರುದಿನ ಬೆಳಿಗ್ಗೆ ತಂದೆ ತಾವೇ ಫೋನ್ ಮಾಡಿ, ಕಂತು ಎಷ್ಟು, ಯಾವ ವಾರ ಎಂದು ಕೇಳಿದರು. ಸಾಲ ಇನ್ನೂ ತೀರಿಲ್ಲ. ಹುಡುಗಿಯ ಹೊಟ್ಟೆನೋವು ನಿಂತಿದೆ, ನಿದ್ದೆ ಪೂರ್ತಿ ಸರಿಹೋಗಿಲ್ಲ, ಅದಕ್ಕಾಗಿ ಭೇಟಿಗಳು ಮುಂದುವರಿದಿವೆ. ಅರ್ಜಿಗೆ ತಾಯಿ ಸಹಿ ಹಾಕಿದರು, ಈ ಸಲವೂ ಪೂರ್ತಿ ಓದಿಯೇ. ನಾಟಕ ಗಡುವಿನೊಳಗೆ ಹೋಗಿದೆ.

ಈಗ ಮಾಸ್ತರರಿಗೆ ಇದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಆಡಿಸುವ ಆಸೆ. ಎಲ್ಲಿಯೂ ಪ್ರದರ್ಶನವಾಗಿರಬಾರದು ಎಂಬ ನಿಯಮವಿರುವುದರಿಂದ ಫಲಿತಾಂಶ ಬರುವವರೆಗೆ ಹೇಗೂ ಆಡುವಂತಿಲ್ಲ. ಆಮೇಲೂ, ಆಡು ಸುಳ್ಳಾದರೂ ಬೆಂಗಳೂರಿಗೆ ಹೋದ ತಂದೆ ಯಾರು, ಮುತ್ಯಾ ಯಾರು ಎಂಬುದು ಆ ಊರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ಮನೆಯ ನಾಲ್ವರೂ ಕೂತು, ಮುತ್ಯಾನನ್ನೂ ಸೇರಿಸಿಕೊಂಡು, ತಂದೆಗೆ ನಾಟಕವನ್ನು ಹುಡುಗಿಯೇ ಓದಿ ತೋರಿಸಲಿ, ಆಮೇಲೆ ಹೂಂ ಅಥವಾ ಉಹೂಂ ಎನ್ನಲಿ ಎಂದು ಹೇಳಿದ್ದೇನೆ. ಒಬ್ಬರು ಬೇಡವೆಂದರೂ ಊರಿನಲ್ಲಿ ಆಡಿಸುವುದು ಬೇಡ ಎಂಬ ನನ್ನ ಮಾತಿಗೆ ಹುಡುಗಿ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡಳು, ಮಾಸ್ತರರು ಒಪ್ಪಿದ್ದಾರೆ.