ಪ್ರತಿಕ್ರಿಯೆ: ತೀರಿಕೊಂಡ ತಂದೆಯ ಮಂಗಳೂರು ಕೆಮಿಕಲ್ಸ್ ಷೇರುಪತ್ರ

ತೀರಿಕೊಂಡ ತಂದೆಯ ಹೆಸರಿನ 100 ಷೇರುಗಳ ಹಳೆಯ ಪತ್ರವಿದೆ, ಆದರೆ ಕಂಪನಿ ಷೇರುಪೇಟೆಯಲ್ಲಿ ಕಾಣುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಆ ಕಂಪನಿ, ಅಂದರೆ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್, ಈಗ ಷೇರುಪೇಟೆಯ ಪಟ್ಟಿಯಲ್ಲಿ ಕಾಣದಿರುವುದಕ್ಕೆ ಕಾರಣ ಅದು ಮುಚ್ಚಿಹೋದದ್ದಲ್ಲ, 2025ರಲ್ಲಿ ಇನ್ನೊಂದು ಗೊಬ್ಬರ ಕಂಪನಿಯಾದ ಪಾರಾದೀಪ್ ಫಾಸ್ಫೇಟ್ಸ್‌ನಲ್ಲಿ ವಿಲೀನವಾದದ್ದು. 1966ರಲ್ಲಿ ಮಲಬಾರ್ ಕೆಮಿಕಲ್ಸ್ ಎಂಬ ಹೆಸರಿನಲ್ಲಿ ನೋಂದಣಿಯಾಗಿ, 1976ರಲ್ಲಿ ಪಣಂಬೂರಿನಲ್ಲಿ ಯೂರಿಯಾ ತಯಾರಿಕೆ ಆರಂಭಿಸಿದ ಈ ಕಂಪನಿ ಮುಂದೆ ಯುಬಿ ಸಮೂಹಕ್ಕೆ, ಬಳಿಕ ಜುವಾರಿಯವರ ಅಡ್ವೆಂಟ್ಜ್ ಸಮೂಹಕ್ಕೆ ಸೇರಿತ್ತು. ಹಾಗಾಗಿ ಷೇರುಪತ್ರದಲ್ಲಿ ಯಾವ ಕಾಲದ ಲಾಂಛನವಿದ್ದರೂ ಗಾಬರಿಯಾಗಬೇಡಿ. ಮುಖ್ಯವಾದದ್ದು ಫೋಲಿಯೊ ಸಂಖ್ಯೆ, ಅಂದರೆ ಕಂಪನಿಯ ದಾಖಲೆಯಲ್ಲಿ ಷೇರುದಾರರಿಗೆ ಕೊಟ್ಟ ಗುರುತಿನ ಸಂಖ್ಯೆ.

ವಿಲೀನದ ಅನುಪಾತದಂತೆ ಪ್ರತಿ 100 ಷೇರಿಗೆ ಪಾರಾದೀಪಿನ 187 ಷೇರುಗಳು ಸಲ್ಲುತ್ತವೆ. ಅವು ಈಗ ಎಲ್ಲಿವೆ ಎಂಬುದನ್ನು ನಾನು ಇಲ್ಲಿಂದ ಹೇಳಲಾರೆ: ಸತತ ಏಳು ವರ್ಷ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಷೇರುಗಳು ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರುತ್ತವೆ.

ಆದ್ದರಿಂದ ಮೊದಲು ಪಾರಾದೀಪ್ ಫಾಸ್ಫೇಟ್ಸ್‌ನ ಷೇರು ನೋಂದಣಿ ಸಂಸ್ಥೆಗೆ (ಕಂಪನಿಯ ಪರವಾಗಿ ಷೇರುದಾರರ ದಾಖಲೆ ಇಡುವ ಸಂಸ್ಥೆ) ಫೋಲಿಯೊ ಸಂಖ್ಯೆ ಮತ್ತು ಷೇರುಪತ್ರದ ಪ್ರತಿಯೊಂದಿಗೆ ಬರೆದು, ಷೇರುಗಳ ಸದ್ಯದ ಸ್ಥಿತಿಯನ್ನು ಲಿಖಿತವಾಗಿ ಕೇಳಿ. ಅನಂತರ ನಿಮ್ಮ ಹೆಸರಿನಲ್ಲಿ ಡಿಮ್ಯಾಟ್ ಖಾತೆ (ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆ) ತೆರೆದು, ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ ಹಾಗೂ ಷೇರುಗಳನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು ಕೋರುವ ಐಎಸ್‌ಆರ್-5 ನಮೂನೆಯನ್ನು ಸಲ್ಲಿಸಿ ಹಕ್ಕು ವರ್ಗಾಯಿಸಿಕೊಳ್ಳಿ. ಷೇರುಗಳು ನಿಧಿಗೆ ಹೋಗಿದ್ದರೆ, ಅದೇ ದಾಖಲೆಗಳ ಆಧಾರದ ಮೇಲೆ ಷೇರುಗಳು ನಿಮಗೆ ಸಲ್ಲಬೇಕೆಂಬ ಅರ್ಹತಾ ಪತ್ರವನ್ನು ಕಂಪನಿಯಿಂದ ಪಡೆದ ಮೇಲಷ್ಟೇ, ನಿಧಿಯಿಂದ ಅವನ್ನು ಮರಳಿ ಪಡೆಯುವ ಐಇಪಿಎಫ್-5 ಅರ್ಜಿ ಹಾಕಬೇಕು. ಮೂಲ ಷೇರುಪತ್ರವನ್ನು ಮಾತ್ರ ಯಾವ ಮಧ್ಯವರ್ತಿಯ ಕೈಗೂ ಕೊಡಬೇಡಿ.